ಮಗು ಚಿಕ್ಕದಿದೆ ಅಂದರೆ ತಾಯಿ ತಿಂದಿಲ್ಲ ಅಂತಲ್ಲ

ತಂಗಿಗೆ 32ನೇ ವಾರದ ಸ್ಕ್ಯಾನಿನಲ್ಲಿ ಮಗುವಿನ ತೂಕ 1.3 ಕೆಜಿ ಅಂತ ಬಂತು. ರಿಪೋರ್ಟಿನ ಗ್ರಾಫಿನಲ್ಲಿ ನಮ್ಮ ಚುಕ್ಕೆ ಎಲ್ಲಕ್ಕಿಂತ ಕೆಳಗಿನ ಗೆರೆಗಿಂತಲೂ ಕೆಳಗೆ ಕೂತಿತ್ತು. ಮನೆಗೆ ಬಂದ ತಕ್ಷಣ ಶುರುವಾಯ್ತು: ನೀನು ಸರಿಯಾಗಿ ತಿನ್ನಲ್ಲ, ಹಾಲು ಕುಡಿಯಲ್ಲ, ಆಫೀಸು ಅಂತ ಓಡಾಡ್ತೀಯ. ಅವಳು ಅಳುತ್ತಲೇ ಮುದ್ದೆ ನುಂಗುತ್ತಾ ಕೂತಿದ್ದು ಈಗಲೂ ಕಣ್ಣ ಮುಂದಿದೆ.

ಊಟ ಮುಖ್ಯ, ತಾಯಿಗೆ ರಕ್ತ ಕಮ್ಮಿ ಇದ್ದರೆ ಮಗುವಿಗೂ ಕಷ್ಟ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವಳ ತೊಂದರೆ ಇದ್ದಿದ್ದು ಮಾಸಿನಲ್ಲಿ, ಅಂದರೆ ತಾಯಿಯ ರಕ್ತದಿಂದ ಮಗುವಿಗೆ ಆಹಾರ, ಆಮ್ಲಜನಕ ದಾಟಿಸೋ ಪ್ಲಾಸೆಂಟಾದಲ್ಲಿ.

ಬಸುರಿನ ಮೊದಲ ಅರ್ಧದಲ್ಲಿ ಮಾಸಿನ ಜೀವಕೋಶಗಳು ಗರ್ಭಕೋಶದ ಗೋಡೆಯೊಳಗೆ ನುಗ್ಗಿ, ಅಲ್ಲಿನ ಸುರುಳಿ ಸುರುಳಿ ರಕ್ತನಾಳಗಳನ್ನು ಅಗಲ ಮಾಡುತ್ತವೆ. ಈ ಕೆಲಸ ಅರ್ಧಕ್ಕೆ ನಿಂತರೆ ನಾಳ ಬಿಗಿಯಾಗಿಯೇ ಉಳಿಯುತ್ತದೆ. ಆಮೇಲೆ ತಾಯಿ ತುಪ್ಪ ತಿಂದರೂ ಬಾದಾಮಿ ತಿಂದರೂ ಅದು ಮಗುವಿಗೆ ತಲುಪೋ ದಾರಿಯೇ ಕಿರಿದು, ಅಲ್ವಾ?

ರಕ್ತನಾಳ ಬೆಳೆಯೋದಕ್ಕೆ ವಿಇಜಿಎಫ್, ಪಿಎಲ್‌ಜಿಎಫ್ ಅನ್ನೋ ಪ್ರೋಟೀನುಗಳು ಬೇಕು. ರಕ್ತ ಸಾಲದೆ ಒದ್ದಾಡುವ ಮಾಸಿನಿಂದ ಪಿಎಲ್‌ಜಿಎಫ್ ಕಮ್ಮಿ ಬರುತ್ತದೆ, ಎಸ್‌ಫ್ಲಿಟ್-1 ಅನ್ನೋ ಇನ್ನೊಂದು ಪ್ರೋಟೀನು ತಾಯಿಯ ರಕ್ತಕ್ಕೆ ಜಾಸ್ತಿ ಸೇರುತ್ತದೆ. ಅದು ಇರೋ ಪಿಎಲ್‌ಜಿಎಫನ್ನೂ ಹಿಡಿದು ಕಟ್ಟಿಹಾಕಿಬಿಡುತ್ತದೆ. ಬಸುರಿಯರ ಬಿಪಿ ಏರುವ ಪ್ರಿಎಕ್ಲಾಂಪ್ಸಿಯಾದಲ್ಲಿ ಎಸ್‌ಫ್ಲಿಟ್-1ರ ಪಾತ್ರವನ್ನು 2003ರಲ್ಲಿ ತೋರಿಸಿಕೊಟ್ಟಿದ್ದು ಅಮೆರಿಕದಲ್ಲಿರುವ ಅನಂತ್ ಕರುಮಂಚಿ ಅವರ ತಂಡ. ಮಾಸು ಕೈಕೊಟ್ಟು ಮಗು ಬೆಳೆಯದಿದ್ದಾಗಲೂ ಎಷ್ಟೋ ಸಲ ಇದೇ ಏರುಪೇರು ಕಾಣುತ್ತದೆ.

ತಂಗಿಯ ರಕ್ತ ಪರೀಕ್ಷೆಯಲ್ಲೂ ಪಿಎಲ್‌ಜಿಎಫ್ ತೀರಾ ಕಮ್ಮಿ ಇತ್ತು. ನಾಳ ಹಿಗ್ಗಿಸೋ ಔಷಧಿ ಇಲ್ವಾ ಅಂತ ನಾನೂ ಹುಡುಕಿದೆ. ಇಂಥ ಬಸುರಿಯರಿಗೆ ಸಿಲ್ಡೆನಾಫಿಲ್ ಅನ್ನೋ ಔಷಧಿ ಕೊಟ್ಟು ಪ್ರಯೋಗ ಮಾಡಿ ನೋಡಿದ್ದಾರೆ, ಆದರೆ ಉಪಯೋಗ ಕಾಣಲಿಲ್ಲ, ನೆದರ್ಲೆಂಡ್ಸ್‌ನಲ್ಲಂತೂ ಹುಟ್ಟಿದ ಶಿಶುಗಳು ಶ್ವಾಸಕೋಶದ ತೊಂದರೆಯಿಂದ ತೀರಿಕೊಂಡು 2018ರಲ್ಲಿ ಆ ಪ್ರಯೋಗವನ್ನೇ ನಿಲ್ಲಿಸಿದರು. ಓದಿ ಆ ರಾತ್ರಿ ನಿದ್ದೆ ಬರಲಿಲ್ಲ. ಉಳಿದಿದ್ದು ಕಾಯೋದು ಮಾತ್ರ: ವಾರವಾರ ಮಗುವಿಗೆ ರಕ್ತ ಹೇಗೆ ಹರೀತಿದೆ ಅಂತ ನೋಡೋ ಡಾಪ್ಲರ್ ಸ್ಕ್ಯಾನ್, ಬಿಪಿ, ಮಗುವಿನ ಒದೆತದ ಲೆಕ್ಕ.

37ನೇ ವಾರಕ್ಕೆ ಹೆರಿಗೆ ಆಯ್ತು. 1.95 ಕೆಜಿ, ಹೆಣ್ಣು. ನರ್ಸ್ ಮಾಸನ್ನು ಟ್ರೇನಲ್ಲಿಟ್ಟು ಅಮ್ಮನಿಗೆ ತೋರಿಸಿದರು. ಚಿಕ್ಕದು, ಒಂದು ಕಡೆ ಬಿಳಿಚಿಕೊಂಡು ಗಟ್ಟಿಯಾಗಿತ್ತು. ಅಮ್ಮ ತುಂಬ ಹೊತ್ತು ಅದನ್ನೇ ನೋಡಿ, ಒಳಗೆ ಹೋಗಿ ತಂಗಿಯ ತಲೆ ಸವರುತ್ತಾ ಕೂತರು.