ಕರೆಂಟು ಹೋದ ಸಂಜೆಯ ಒಂದು ಲೆಕ್ಕ

ನಿನ್ನೆ ಸಂಜೆ ಮೂಡಿಗೆರೆಯಲ್ಲಿ ಮಳೆಗೆ ಎಂದಿನಂತೆ ಕರೆಂಟು ಹೋಗಿ, ಮೇಜಿನ ಕೆಳಗಿನ ಯುಪಿಎಸ್ ಕೀಂಗುಟ್ಟತೊಡಗಿದಾಗ, ರಜೆಗೆ ಬಂದಿದ್ದ ಅಕ್ಕನ ಮಗ, "ಮಾವ, ಬಿಟ್‌ಕಾಯಿನ್‌ಗೆ ಅಷ್ಟೊಂದು ವಿದ್ಯುತ್ ಯಾಕೆ ಬೇಕು?" ಎಂದು ಕೇಳಿದ.

2009ರಲ್ಲಿ ಆರಂಭವಾದ ಆ ಡಿಜಿಟಲ್ ಹಣದ ಜಾಲದಲ್ಲಿ, ಸರಿಸುಮಾರು 10 ನಿಮಿಷಕ್ಕೊಂದರಂತೆ ಸೇರುವ ಪ್ರತಿ ಬ್ಲಾಕ್‌ಗಾಗಿ, ಅಂದರೆ ವ್ಯವಹಾರಗಳ ಲೆಕ್ಕದ ಪುಟಕ್ಕಾಗಿ, ಅದನ್ನು ಸೇರಿಸಲು ಪೈಪೋಟಿ ನಡೆಸುವ ಲೋಕದ ಮೈನಿಂಗ್ ಯಂತ್ರಗಳೆಲ್ಲ ಒಗಟೊಂದರ ಉತ್ತರಕ್ಕಾಗಿ ಒಂದೇ ಸಮನೆ ಸಂಖ್ಯೆಗಳನ್ನು ಊಹಿಸುತ್ತಿರುತ್ತವೆ. ಗೆಲ್ಲುವುದು ಒಂದು, ಉಳಿದವುಗಳ ಪಾಲಿಗೆ ಕರೆಂಟು ಬಿಲ್ಲು. ಯಂತ್ರಗಳು ಹೆಚ್ಚಿದರೂ ಹೆಚ್ಚಿದ ವೇಗ ಬಹುಕಾಲ ಉಳಿಯುವುದಿಲ್ಲ, ಏಕೆಂದರೆ ಪ್ರತಿ 2016 ಬ್ಲಾಕ್‌ಗಳಿಗೊಮ್ಮೆ ಒಗಟಿನ ಕಾಠಿಣ್ಯವೇ ಬದಲಾಗುತ್ತದೆ. ಆದರೆ ಆ ವೆಚ್ಚವೇ ಅಲ್ಲಿನ ಕಾವಲು: ಹಳೆಯ ಲೆಕ್ಕವನ್ನು ತಿದ್ದಬೇಕೆನ್ನುವವನು ಅಷ್ಟೂ ವಿದ್ಯುತ್ತನ್ನು ಮತ್ತೆ ಸುಡಬೇಕು.

ಇಷ್ಟು ವಿದ್ಯುತ್ ಬೇಡದ, ಒತ್ತೆಯ ಮೇಲೆ ನಡೆಯುವ ಇನ್ನೊಂದು ಪದ್ಧತಿಯಾದ ಪ್ರೂಫ್ ಆಫ್ ಸ್ಟೇಕ್ ವಿವರಿಸಲು ಜಾತ್ರೆಯ ಅಂಗಡಿ ಹರಾಜಿಗೆ ಕಟ್ಟುವ ಠೇವಣಿ ನೆರವಿಗೆ ಬಂತು. 2022ರ ಸೆಪ್ಟೆಂಬರ್ 15ರಂದು ಈ ಪದ್ಧತಿಗೆ ಹೊರಳಿದ ಎಥೀರಿಯಂ ಎಂಬ ಇನ್ನೊಂದು ಜಾಲದಲ್ಲಿ, ಕನಿಷ್ಠ 32 ಈಥರ್ (ಅಲ್ಲಿನ ನಾಣ್ಯ) ಒತ್ತೆಯಿಟ್ಟವರಲ್ಲಿ ಒಬ್ಬರನ್ನು ಮುಂದಿನ ಬ್ಲಾಕ್ ಸೇರಿಸಲು ಜಾಲವೇ ಆರಿಸುತ್ತದೆ. ಒಂದೇ ಸರದಿಗೆ ಎರಡು ಬ್ಲಾಕ್ ಮುಂದಿಡುವಂಥ ಮೋಸ ಮಾಡಿದರೆ ಒತ್ತೆಯ ಒಂದು ಪಾಲು ಮುಟ್ಟುಗೋಲಾಗುತ್ತದೆ. ಹೀಗೆ ಹೊರಳಿದ ಮೇಲೆ ಎಥೀರಿಯಂನ ವಿದ್ಯುತ್ ಬಳಕೆ ಶೇ. 99ಕ್ಕಿಂತ ಹೆಚ್ಚು ಇಳಿಯಿತು.

"ಹಾಗಾದರೆ ದುಡ್ಡಿದ್ದವನಿಗೇ ಸರದಿ ಹೆಚ್ಚಲ್ಲವೇ?" ಎಂದ. ಮೈನಿಂಗ್ ಯಂತ್ರ ಕೊಳ್ಳಲೂ ದುಡ್ಡೇ ಬೇಕಲ್ಲ ಎಂದೆನಾದರೂ, ಯಂತ್ರ ಸವೆಯುತ್ತದೆ, ಒತ್ತೆಯಿಟ್ಟ ಗಂಟು ಸವೆಯುವುದಿಲ್ಲ ಎಂಬುದು ಆಮೇಲೆ ನನಗೇ ಹೊಳೆಯಿತು. ಅಷ್ಟರಲ್ಲಿ ಯುಪಿಎಸ್ ಸುಮ್ಮನಾಯಿತು. ಕರೆಂಟು ಮಾತ್ರ ಬಂದಿರಲಿಲ್ಲ.