21 ಸಾಲು, ಒಂದೇ ಹೆಸರು

ಬೆಳಿಗ್ಗೆ ಬಂದವನೇ ಬ್ರೌಸರ್ ತೆರೆದೆ. ಒಪ್ಪಿಗೆಗೆ ಕಾದಿರುವ ಕಂಪ್ಯೂಟರ್‌ಗಳ ಪಟ್ಟಿಯಲ್ಲಿ 21 ಸಾಲು ಇದ್ದವು. 21ಕ್ಕೂ ಒಂದೇ ಹೆಸರು: ‘ಮಾದರಿ (ಕ್ಲೋನ್)’.

“ಸರ್, ಇದರಲ್ಲಿ ಕಿಟಕಿ ಪಕ್ಕದ್ದು ಯಾವುದು?” ಎಂದು ನನ್ನ ಜೊತೆ ಕೆಲಸ ಮಾಡುವ ಹುಡುಗ ಕೇಳಿದ. ನಾನು ಕೇಳಿಸದವನ ಹಾಗೆ ಕುಳಿತೆ.

ನಾನು ನೋಡಿಕೊಳ್ಳುವ ಲ್ಯಾಬ್‌ನಲ್ಲಿ 22 ಉಬುಂಟು ಕಂಪ್ಯೂಟರ್‌ಗಳಿವೆ. ಅಪ್‌ಡೇಟ್ ಹಾಕಬೇಕಾದಾಗೆಲ್ಲ ಎಸ್ಎಸ್ಎಚ್‌ನಲ್ಲಿ, ಅಂದರೆ ನೆಟ್‌ವರ್ಕ್ ಮೂಲಕ ಲಾಗಿನ್ ಆಗಿ, ಒಂದೊಂದಕ್ಕೂ ಹೋಗಿ ಅದೇ ಎರಡು ಸಾಲು ಟೈಪ್ ಮಾಡುತ್ತಿದ್ದೆ. ಎಂಟನೆಯದಕ್ಕೆ ಬರುವಷ್ಟರಲ್ಲಿ ಯಾವುದು ಆಯ್ತು, ಯಾವುದು ಬಾಕಿ ಎಂಬುದೇ ಮರೆತುಹೋಗುತ್ತಿತ್ತು. ಸಾಕಾಗಿ, ಉಬುಂಟು ಮಾಡುವ ಕೆನೋನಿಕಲ್‌ನವರ ಲ್ಯಾಂಡ್‌ಸ್ಕೇಪ್ ಹಾಕಲು ಹೊರಟೆ. ಎಲ್ಲಾ ಕಂಪ್ಯೂಟರ್‌ಗಳನ್ನೂ ಒಂದೇ ಕಡೆಯಿಂದ ನೋಡಿಕೊಳ್ಳುವ ಸಾಫ್ಟ್‌ವೇರ್ ಅದು. ಸರ್ವರ್ ನಮ್ಮದೇ. ಪ್ರತಿ ಕಂಪ್ಯೂಟರ್‌ನಲ್ಲೂ ಲ್ಯಾಂಡ್‌ಸ್ಕೇಪ್-ಕ್ಲೈಂಟ್ ಎಂಬ ಪ್ಯಾಕೇಜ್ ಇರಬೇಕು. ಅದು ಸರ್ವರ್‌ಗೆ ತನ್ನ ಹೆಸರು ಹೇಳಿಕೊಂಡು ರಿಜಿಸ್ಟರ್ ಆಗಬೇಕು. ನಾವು ಬ್ರೌಸರ್‌ನಲ್ಲಿ ‘ಹೌದು, ಇದು ನಮ್ಮದೇ’ ಎಂದು ಒಪ್ಪಿಕೊಳ್ಳಬೇಕು.

ಮೊದಲನೆಯದರಲ್ಲೇ ಅರ್ಧ ದಿನ ಹೋಯಿತು. ಸುಡೊ ಹಾಕಿ (ಅಡ್ಮಿನ್ ಅಧಿಕಾರದಲ್ಲಿ) ಲ್ಯಾಂಡ್‌ಸ್ಕೇಪ್-ಕಾನ್ಫಿಗ್ ಎಂಬ ಕಮಾಂಡ್ ಕೊಟ್ಟೆ. ಕಂಪ್ಯೂಟರ್‌ಗೆ ಯಾವ ಹೆಸರು, ಯಾವ ಅಕೌಂಟ್, ರಿಜಿಸ್ಟ್ರೇಷನ್ ಕೀ ಏನು ಎಂದೆಲ್ಲ ಕೇಳಿತು. ಅಕೌಂಟ್ ಹೆಸರಿನ ಜಾಗದಲ್ಲಿ ನಾನು ಖುಷಿಯಿಂದ ನಮ್ಮ ಸಂಸ್ಥೆಯ ಹೆಸರು ಬರೆದೆ. ಅಕೌಂಟ್ ಹೆಸರು ಅಥವಾ ಕೀ ತಪ್ಪಾಗಿದೆ ಎಂಬ ಉತ್ತರ ಬಂತು. ನನ್ನ ಕಣ್ಣಿಗೆ ‘ಕೀ’ ಮಾತ್ರ ಬಿತ್ತು. ಕೀಯನ್ನು ನಾಲ್ಕು ಸಲ ಬದಲಿಸಿದೆ, ಸ್ಪೇಸ್ ಸೇರಿಕೊಂಡಿದೆಯಾ ಎಂದು ಹುಡುಕಿದೆ. ಕೊನೆಗೆ ನೋಡಿದರೆ, ಸ್ವಂತ ಸರ್ವರ್ ಇಟ್ಟುಕೊಂಡವರು ಅಕೌಂಟ್ ಹೆಸರಿನಲ್ಲಿ ‘ಸ್ಟ್ಯಾಂಡ್‌ಅಲೋನ್’ ಎಂದೇ ಬರೆಯಬೇಕಂತೆ. ಎರಡು ತಪ್ಪಿಗೂ ಒಂದೇ ಉತ್ತರ ಕೊಡುವುದೂ ಸರಿಯೇ ಅನ್ನಿ. ಹೊರಗಿನವನು ಬಾಗಿಲು ತಟ್ಟಿ ನೋಡುವಾಗ ಯಾವ ಅರ್ಧ ಸರಿಯಿದೆ ಅಂತ ಅವನಿಗೆ ಯಾಕೆ ಹೇಳಬೇಕು?

ಇನ್ನೊಂದು ಪ್ರಶ್ನೆ ಸ್ಕ್ರಿಪ್ಟ್‌ನದು. ಸರ್ವರ್‌ನಿಂದ ಸ್ಕ್ರಿಪ್ಟ್ ಕಳಿಸಿ ಈ ಕಂಪ್ಯೂಟರ್‌ನಲ್ಲಿ ಓಡಿಸಬಹುದೇ, ಓಡಿಸುವುದಾದರೆ ಯಾವ ಯೂಸರ್ ಹೆಸರಿನಲ್ಲಿ? ನಾವಾಗಿ ಹೌದು ಅನ್ನದಿದ್ದರೆ ಅದು ಆಫ್ ಇರುತ್ತದೆ. ನಾನೂ ಹಾಗೇ ಬಿಟ್ಟೆ. ಎಲ್ಲಾ ಅಧಿಕಾರ ಇರುವ ರೂಟ್ ಎಂದು ಬರೆದುಬಿಟ್ಟರೆ ಕೆಲಸ ಸಲೀಸು, ಗೊತ್ತು. ಆದರೆ ಆಮೇಲೆ ಯಾರಾದರೂ ಸರ್ವರ್ ಒಂದಕ್ಕೆ ನುಗ್ಗಿದರೆ 22 ಕಂಪ್ಯೂಟರ್‌ಗೂ ನುಗ್ಗಿದ ಹಾಗೆ.

ಕೊಟ್ಟ ಉತ್ತರಗಳೆಲ್ಲ ಇಟಿಸಿ ಫೋಲ್ಡರ್ ಒಳಗೆ ಕ್ಲೈಂಟ್.ಕಾನ್ಫ್ ಎಂಬ ಸಣ್ಣ ಫೈಲ್‌ನಲ್ಲಿ ಕೂರುತ್ತವೆ. ಮೊದಲ ಕಂಪ್ಯೂಟರ್ ಪಟ್ಟಿಗೆ ಬಂತು, ಒಪ್ಪಿದೆ, ‘ಮಾದರಿ’ ಎಂದು ಹೆಸರಿಟ್ಟಿದ್ದೆ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಇಷ್ಟು ಕಷ್ಟಪಟ್ಟಿದ್ದೇನೆ, ಇದರದ್ದೇ ಡಿಸ್ಕ್ ಇಮೇಜ್ (ಇಡೀ ಡಿಸ್ಕ್‌ನ ಪಡಿಯಚ್ಚು) ತೆಗೆದು ಉಳಿದ 21ಕ್ಕೂ ಹಾಕಿಬಿಡೋಣ ಅಂದುಕೊಂಡೆ. ನಾನೇನು ಹೊಸಬನಲ್ಲ. ನಕಲುಗಳಿಗೆಲ್ಲ ಒಂದೇ ಗುರುತು ಇರಬಾರದೆಂದು ಇಮೇಜ್ ತೆಗೆಯುವ ಮುಂಚೆ ಮಷಿನ್ ಐಡಿ ಖಾಲಿ ಮಾಡಿದೆ, ಎಸ್ಎಸ್ಎಚ್ ಹೋಸ್ಟ್ ಕೀಗಳನ್ನು ಅಳಿಸಿದೆ. ನಕಲು ಹಾಕಿದ ಮೇಲೆ ಪ್ರತಿಯೊಂದಕ್ಕೂ ಬೇರೆ ಬೇರೆ ಹೋಸ್ಟ್‌ನೇಮ್ (ನೆಟ್‌ವರ್ಕ್‌ನಲ್ಲಿ ಕಂಪ್ಯೂಟರ್‌ಗಿರುವ ಹೆಸರು) ಕೊಟ್ಟೆ. ಎಲ್ಲಾ ಆಯ್ತು ಎಂದು ಮನೆಗೂ ಹೋದೆ.

ಮರೆತದ್ದು ಒಂದೇ. ರಿಜಿಸ್ಟರ್ ಆದ ಕ್ಲೈಂಟ್‌ಗೆ ಸರ್ವರ್ ಒಂದು ಗುಟ್ಟಿನ ಐಡಿ ಕೊಡುತ್ತದೆ. ಕ್ಲೈಂಟ್ ಅದನ್ನು ಬ್ರೋಕರ್.ಬಿಪಿಕಲ್ ಎಂಬ ಫೈಲ್‌ನಲ್ಲಿ ಬಚ್ಚಿಟ್ಟುಕೊಳ್ಳುತ್ತದೆ. ಸೆಟ್ಟಿಂಗ್ ಇರುವ ಇಟಿಸಿಯಲ್ಲಿ ಅಲ್ಲ, ಪೂರ್ತಿ ಬೇರೆ ಕಡೆ, ವಾರ್ ಫೋಲ್ಡರ್‌ನ ಲಿಬ್ ಒಳಗೆ. ಸರ್ವರ್ ಗುರುತು ಹಿಡಿಯುವುದು ಆ ಐಡಿಯಿಂದ, ಹೋಸ್ಟ್‌ನೇಮ್‌ನಿಂದ ಅಲ್ಲ. ನಾನು ಒಬ್ಬನ ಗುರುತಿನ ಚೀಟಿಯನ್ನೇ ಜೆರಾಕ್ಸ್ ಮಾಡಿ 21 ಜನರ ಜೇಬಿಗೆ ಹಾಕಿದ್ದೆ. ಒಂದೇ ಐಡಿ ಹಿಡಿದು ಇಷ್ಟು ಮಂದಿ ಮಾತಾಡಿದರೆ ಸರ್ವರ್‌ಗೆ ಅನುಮಾನ ಬರದೇ ಇರುತ್ತದೆಯೇ? ‘ನೀನು ನಕಲು, ಹೊಸದಾಗಿ ರಿಜಿಸ್ಟರ್ ಆಗು’ ಎನ್ನುತ್ತದೆ. ಕ್ಲೈಂಟ್ ತಲೆಬಾಗಿ, ಕಾನ್ಫ್ ಫೈಲ್‌ನಲ್ಲಿರುವ ಹೆಸರಿನ ಕೊನೆಗೆ ‘ಕ್ಲೋನ್’ ಎಂದು ಸೇರಿಸಿಕೊಂಡು ಮತ್ತೆ ಸಾಲಿನಲ್ಲಿ ನಿಲ್ಲುತ್ತದೆ. ಆ ಹೆಸರನ್ನಂತೂ ನಾನು ಯಾವುದರಲ್ಲೂ ಬದಲಿಸಿರಲಿಲ್ಲ.

ಸದ್ಯ, ಪಟ್ಟಿಯಲ್ಲಿ ಹೋಸ್ಟ್‌ನೇಮ್ ಕೂಡ ಕಾಣಿಸುತ್ತಿತ್ತು. 21 ನಕಲು, 21 ಸಾಲು, ಲೆಕ್ಕ ಸರಿಯಿದೆ. ಹುಡುಗ ಕಾಗದ ಹಿಡಿದು ಒಂದೊಂದಾಗಿ ಟಿಕ್ ಹಾಕುತ್ತಾ ಬಂದ. ನಾನು ಒಂದೊಂದರ ಹತ್ತಿರ ಹೋಗಿ ಕ್ಲೈಂಟ್ ಸರ್ವಿಸ್ ನಿಲ್ಲಿಸಿ, ಬ್ರೋಕರ್ ಫೈಲ್ ಅಳಿಸಿ, ಹೋಸ್ಟ್‌ನೇಮ್‌ನ್ನೇ ಹೆಸರಾಗಿ ಕೊಟ್ಟು ಲ್ಯಾಂಡ್‌ಸ್ಕೇಪ್-ಕಾನ್ಫಿಗ್ ಮತ್ತೆ ಓಡಿಸಿದೆ. ಈ ಸಲ ‘ಸೈಲೆಂಟ್’ ಆಯ್ಕೆ ಹಾಕಿದ್ದರಿಂದ ಪ್ರಶ್ನೆಗಳ ಕಾಟ ಇರಲಿಲ್ಲ. ಒಂದಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ.

ನಡುವೆ ಹುಡುಗನಿಗೆ ಒಂದು ಅನುಮಾನ. ಫೈರ್‌ವಾಲ್‌ನಲ್ಲಿ ಏನೂ ತೆರೆದಿಲ್ಲ, ಸರ್ವರ್ ಈ ಕಂಪ್ಯೂಟರ್ ಒಳಗೆ ಹೇಗೆ ಬರುತ್ತದೆ? ಬರುವುದೇ ಇಲ್ಲ. ಕ್ಲೈಂಟ್ ತಾನೇ ಹೋಗಿ ಕೇಳುತ್ತದೆ. 30 ಸೆಕೆಂಡಿಗೊಮ್ಮೆ ಒಂದು ಸಣ್ಣ ಪಿಂಗ್, ‘ನನಗೇನಾದರೂ ಇದೆಯಾ?’ ಅಂತ. ಇದ್ದರೆ ಕೂಡಲೇ ಎಚ್‌ಟಿಟಿಪಿಎಸ್‌ನಲ್ಲಿ ಹೋಗಿ ತರುತ್ತದೆ. ಇಲ್ಲದಿದ್ದರೂ 15 ನಿಮಿಷಕ್ಕೊಮ್ಮೆ ಹೋಗಿ ವರದಿ ಒಪ್ಪಿಸಿ ಬರುತ್ತದೆ. ಈ ಪಿಂಗ್ ನಮ್ಮಲ್ಲಿ 80ನೇ ಪೋರ್ಟ್‌ನಲ್ಲಿ, ವರದಿ 443ರಲ್ಲಿ. ಹೊರಹೋಗುವ 80 ಮುಚ್ಚಿದ್ದರೆ ಯಾವ ಎರರ್ರೂ ಎದ್ದು ಕಾಣುವುದಿಲ್ಲ, ಎಲ್ಲಾ ನಿಧಾನ ಆಗುತ್ತದೆ ಅಷ್ಟೇ. ಕ್ಲಿಕ್ ಮಾಡಿದ ಕೆಲಸ ಕಾಲು ಗಂಟೆ ಬಿಟ್ಟು ಶುರುವಾದರೆ ನಾನು ಮೊದಲು ನೋಡುವುದು ಅಲ್ಲಿಯೇ.

20 ಮುಗಿದವು. ಕಾಗದದಲ್ಲಿ ಒಂದು ಕಂಪ್ಯೂಟರ್‌ಗೆ ಟಿಕ್ ಬಿದ್ದಿರಲಿಲ್ಲ, ಬಾಗಿಲ ಹತ್ತಿರದ್ದಕ್ಕೆ. ಪಟ್ಟಿಯಲ್ಲೂ ಒಂದು ಸಾಲು ಉಳಿದಿತ್ತು, ಅದರ ಹೋಸ್ಟ್‌ನೇಮ್ ‘ಮಾದರಿ’. ಬಾಗಿಲ ಹತ್ತಿರದ್ದಕ್ಕೆ ಹೋಸ್ಟ್‌ನೇಮ್ ಬದಲಿಸಲು ಮರೆತಿದ್ದೇನೆ ಅಂದುಕೊಂಡು ಹೋಗಿ ನೋಡಿದರೆ, ಬದಲಾಗಿತ್ತು. ಲಾಗ್ ತೆರೆದೆ. ಸರ್ವರ್ ತನ್ನ ಗುರುತಿಗೆ ತೋರಿಸುವ ಸರ್ಟಿಫಿಕೇಟ್ ಒಪ್ಪುತ್ತಿಲ್ಲ ಎಂಬ ದೂರು. ಸರ್ಟಿಫಿಕೇಟ್ ನಾವೇ ಮಾಡಿಕೊಂಡದ್ದು. ಅದರ ಫೈಲ್ ಎಲ್ಲಿದೆ ಎಂದು ಕಾನ್ಫ್‌ನಲ್ಲಿ ಹೇಳಿದ್ದೆ, ಫೈಲ್ ಅಲ್ಲೇ ಇತ್ತು. ಬೇರೆ 20ರಲ್ಲಿ ನಡೆದದ್ದು ಇಲ್ಲಿ ಯಾಕೆ ಇಲ್ಲ?

ಪರದೆಯ ಮೂಲೆಯಲ್ಲಿದ್ದ ದಿನಾಂಕ ಕಣ್ಣಿಗೆ ಬೀಳಲು ಇಪ್ಪತ್ತು ನಿಮಿಷ ಬೇಕಾಯಿತು. ಎರಡು ತಿಂಗಳು ಹಿಂದಿತ್ತು. ಮದರ್‌ಬೋರ್ಡ್‌ನ ಗುಂಡು ಬ್ಯಾಟರಿ ಸತ್ತಿದೆ. ನೆಟ್‌ನಿಂದ ಸಮಯ ಸರಿಮಾಡಿಕೊಳ್ಳೋಣ ಎಂದರೆ ಎನ್‌ಟಿಪಿಯ 123ನೇ ಪೋರ್ಟ್ ಹೊರಗೆ ಹೋಗದಂತೆ ಮುಚ್ಚಿದ್ದೇವೆ. ಸರ್ಟಿಫಿಕೇಟ್ ಮಾಡಿ ಮೂರು ವಾರ. ಆ ಕಂಪ್ಯೂಟರ್‌ನ ಲೆಕ್ಕದಲ್ಲಿ ಅದಿನ್ನೂ ಹುಟ್ಟೇ ಇಲ್ಲ! ಗಡಿಯಾರ ಸರಿಮಾಡಿದೆ, ಬ್ರೋಕರ್ ಫೈಲ್ ಅಳಿಸಿದೆ, ಒಂದೇ ಸಲಕ್ಕೆ ರಿಜಿಸ್ಟರ್ ಆಯಿತು. ಬ್ಯಾಟರಿ ಮರುದಿನ ಹಾಕಿದೆವು.

ಹಾಗಾದರೆ ಇದು ಇಷ್ಟು ಹೊತ್ತು ಸರ್ವರ್‌ನ ಮುಖವನ್ನೇ ನೋಡಿರಲಿಲ್ಲ. ಅಂದರೆ ಬೆಳಿಗ್ಗೆ 20 ಸಾಲು ಇರಬೇಕಿತ್ತು. 21ನೆಯದು ಯಾರದ್ದು? ‘ಮಾದರಿ’ ಎಂಬ ಹೋಸ್ಟ್‌ನೇಮ್‌ನ ಆ ಸಾಲು ಇನ್ನೂ ಅಲ್ಲೇ ಕಾದಿತ್ತು. ಮೂಲ ಕಂಪ್ಯೂಟರ್ ಮೊದಲೇ ಒಪ್ಪಿಗೆ ಪಡೆದು ತನ್ನ ಪಾಡಿಗೆ ತಾನಿತ್ತು. ಹೊರಗಿನವರು ಯಾರೋ ನಮ್ಮ ಇಮೇಜ್ ಎತ್ತಿಕೊಂಡು ಹೋಗಿದ್ದಾರಾ ಎಂದು ನಿಜವಾಗಿಯೂ ಎದೆ ಧಸಕ್ಕೆಂದಿತು. ರಿಜಿಸ್ಟ್ರೇಷನ್ ಕೀ ಕೂಡ ಆ ಇಮೇಜ್‌ನಲ್ಲೇ ಇದೆ. ಕೀ ಬದಲಿಸಲು ಕುಳಿತೆ.

ಹುಡುಗ ನನ್ನ ಲ್ಯಾಪ್‌ಟಾಪ್ ಕಡೆ ಕೈ ತೋರಿಸಿದ. “ಸರ್, ಇಮೇಜ್ ಬೂಟ್ ಆಗುತ್ತಾ ನೋಡೋಣ ಅಂತ ಮೊನ್ನೆ ಇದರೊಳಗೇ ಒಂದು ವರ್ಚುವಲ್ ಮಷಿನ್ ಮಾಡಿ ಓಡಿಸಿದ್ರಲ್ಲ, ಅದು ಆಫ್ ಮಾಡಿದ್ರಾ?”

ಮಾಡಿರಲಿಲ್ಲ.