ಇದು ಯಾವ ಪಾಚಿ ಅಕ್ಕಾ?

“ಅಕ್ಕಾ, ಇದು ಯಾವ ಪಾಚಿ? ಗೋಡೆ ಮ್ಯಾಗ ಬೆಳೀತೈತಲ್ಲ ಅದಾ, ಇಲ್ಲ ಕೆರೆಯಾಗ ಕಟ್ಕೋತೈತಲ್ಲ ಅದಾ?”

ನಮ್ಮ ಟೀಮಿನ ಸಿರುಗುಪ್ಪದ ಹುಡುಗಿ ಹಿಂಗೆ ಕೇಳಿದಾಗ ಸಂಜೆ ನಾಲ್ಕು ಗಂಟೆ, ಮರುದಿನ ಡೆಲಿವರಿ, ಇನ್ನೂ 300 ಚಿಲ್ರೆ ಟೈಲ್, ಅಂದ್ರೆ ಡ್ರೋನ್ ಫೋಟೋದ ತುಂಡು, ಬಾಕಿ. ನಾನು ತಲೆ ಕೂಡ ಎತ್ತಲಿಲ್ಲ. “ನೀರಿನ ಮ್ಯಾಲೆ ಹಸಿರು ಕಂಡ್ರೆ ಕ್ಲಾಸ್ 6ಕ್ಕೆ ಹಾಕಮ್ಮ, ಮುಂದಿನದು ತಗೋ” ಅಂದೆ. ಅವಳು ಹಾಕಿದ್ಲು, ಎಲ್ಲರೂ ಹಾಕಿದ್ರು. ಆ ಒಂದು ಮಾತಿಗೆ ಎರಡು ವಾರದ ರೀವರ್ಕ್ ಬಿತ್ತು. ಅದಾದ್ರೂ ಹೋಗ್ಲಿ, ಆ ಪ್ರಶ್ನೆ ಇವತ್ತಿಗೂ ಕಿವೀಲಿ ಕೂತಿದೆ, ಯಾಕಂದ್ರೆ ಇಡೀ ಪ್ರಾಜೆಕ್ಟಲ್ಲಿ ಯಾರಾದ್ರೂ ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ.

ನಾವು ಬಳ್ಳಾರೀಲಿ ಡ್ರೋನ್ ಫೋಟೋ ಅನೋಟೇಶನ್ ಮಾಡೋರು, ಅಂದ್ರೆ ಫೋಟೋದಲ್ಲಿ ಯಾವುದು ಏನು ಅಂತ ಗುರುತು ಹಾಕೋರು. ಮೊದಲೆಲ್ಲ ಬರ್ತಾ ಇದ್ದಿದ್ದು ಭತ್ತ, ಹತ್ತಿ, ಮೆಣಸಿನಕಾಯಿ ಹೊಲ, ಅದನ್ನ ನಮ್ಮ ಹುಡುಗ್ರು ನೋಡಿದ ಕೂಡ್ಲೇ ಹೇಳ್ತಾರೆ, ಹೊಲದಲ್ಲೇ ಬೆಳೆದವರು. ಈ ಸಲ ಬಂದಿದ್ದು ಸ್ಕಾಟ್ಲೆಂಡಿನ ಉತ್ತರ ತುದಿಯ ಪೀಟ್ ಬಾಗ್. ಅಲ್ಲಿ ಕೇತ್ನೆಸ್, ಸದರ್‌ಲ್ಯಾಂಡ್ ಕಡೆ ಫ್ಲೋ ಕಂಟ್ರಿ ಅಂತ ಸುಮಾರು 4,000 ಚದರ ಕಿಲೋಮೀಟರ್ ಜೌಗು ಸೀಮೆ ಇದೆ, ಅದರ ದೊಡ್ಡ ಭಾಗ 2024ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರ್ತು. ಸತ್ತ ಗಿಡ ಪೂರ್ತಿ ಕೊಳೆಯದೇ, ವರ್ಷಕ್ಕೆ ಹೆಚ್ಚು ಕಮ್ಮಿ ಒಂದು ಮಿಲಿಮೀಟರ್ ಲೆಕ್ಕದಲ್ಲಿ ಸಾವಿರಾರು ವರ್ಷ ಕೂಡ್ತಾ ಹೋಗಿ ಆಗಿರೋ ನೆಲ ಅದು, ಕೆಲವು ಕಡೆ 10 ಮೀಟರ್ ಆಳ ಇದೆ. ಅದರ ಮೈ ತುಂಬ ಕಪ್ಪು ನೀರಿನ ಸಣ್ಣ ಹೊಂಡಗಳು, ಮೇಲಿಂದ ನೋಡಿದ್ರೆ ಜೋಳದ ರೊಟ್ಟಿ ಮೇಲಿನ ಸುಟ್ಟ ಕಲೆ ಥರ ಕಾಣ್ತವೆ. ಏಪ್ರಿಲ್ ಬಿಸಿಲಲ್ಲಿ, ಕರೆಂಟು ಹೋಗಿ ಬಂದು ಮಾಡೋ ಆಫೀಸಲ್ಲಿ ಕೂತು ಆ ಹೊಂಡಗಳಲ್ಲಿ ಕಾಣೋದರ ಸುತ್ತ ಗೆರೆ, ಅಂದ್ರೆ ಪಾಲಿಗಾನ್, ಎಳೆದು ಕ್ಲಾಸ್ ನಂಬರ್ ಹಾಕೋದು ನಮ್ಮ ಕೆಲಸ.

ಹೊಂಡದ ಸುತ್ತ ಗಿಡಗಳು ಮನಸ್ಸಿಗೆ ಬಂದಲ್ಲಿ ಬೆಳೆಯಲ್ಲ, ನೀರಿನ ಮಟ್ಟ ನೋಡ್ಕೊಂಡು ಸಾಲಾಗಿ ಕೂತಿರ್ತವೆ. ನಡುವೆ ಬರೀ ನೀರು, ಅದರೊಳಗೆ ಬಾಗ್‌ಬೀನ್ ಬೇರಿಳಿಸಿ ಮೂರ್ಮೂರು ಎಲೆ ಮೇಲೆತ್ತಿ ನಿಂತಿರುತ್ತೆ, ನೀರಲ್ಲೇ ಯುಟ್ರಿಕ್ಯುಲೇರಿಯಾ ತನ್ನ ಸಣ್ಣ ಚೀಲಗಳಲ್ಲಿ ಹುಳ ಹಿಡೀತಾ ಇರುತ್ತೆ. ಅಂಚಿಗೆ ಬಂದ್ರೆ ಸ್ಫ್ಯಾಗ್ನಮ್ ಅನ್ನೋ ಮಾಸ್ ಜಾತಿಯ ಕಸ್ಪಿಡೇಟಮ್, ಅರ್ಧ ಮುಳುಗಿ ಅರ್ಧ ತೇಲಿ ಎಳೆ ಹಸಿರು ಹಾಸಿದಂಗೆ. ಅದರಾಚೆ ಕಾಟನ್‌ಗ್ರಾಸ್, ಬಿಳಿ ಬೀಕ್‌ಸೆಜ್, ಹುಳ ಹಿಡಿಯೋ ಕೆಂಪು ಕೂದಲಿನ ಡ್ರಾಸೆರಾ. ಇನ್ನೂ ಎತ್ತರಕ್ಕೆ ಹೋದ್ರೆ ಬೇರೆ ಜಾತಿ ಸ್ಫ್ಯಾಗ್ನಮ್ ಕೆಂಪಗೆ ದಿಬ್ಬ ಕಟ್ಟಿರುತ್ತೆ, ಅದರ ಮೇಲೆ ಹೆದರ್ ಪೊದೆ. ಒಂದಡಿ ಎತ್ತರದ ವ್ಯತ್ಯಾಸದಲ್ಲಿ ಇಷ್ಟೆಲ್ಲ ಮುಗಿದುಹೋಗುತ್ತೆ. ಒಟ್ಟಿಗೆ ಬೆಳೆಯೋ ಗಿಡಗಳನ್ನ ಗುಂಪು ಮಾಡೋ ಬ್ರಿಟನ್ನಿನ ಎನ್‌ವಿಸಿ ಪದ್ಧತೀಲಿ ಈ ಹೊಂಡದ ಗುಂಪುಗಳಿಗೆ ಎಂ1, ಎಂ2, ಎಂ3 ಅಂತ ನಂಬರ್ ಇವೆ. ಮೊದಲೆರಡು ಸ್ಫ್ಯಾಗ್ನಮ್ ತುಂಬಿದ ಹೊಂಡ, ಮೂರನೇದು ಸ್ಫ್ಯಾಗ್ನಮ್ ಕಮ್ಮಿಯಾಗಿ ಬರೀ ಪೀಟ್ ಮೇಲೆ ಕಾಟನ್‌ಗ್ರಾಸ್ ನಿಂತಿರೋದು, ಕೊರೆದುಹೋದ ನೆಲದಲ್ಲಿ ಜಾಸ್ತಿ ಸಿಗುತ್ತೆ.

ಗೈಡ್‌ಲೈನ್‌ನಲ್ಲಿ ಕ್ಲಾಸ್ 4 ಅಂದ್ರೆ ಸ್ಫ್ಯಾಗ್ನಮ್ ಹಾಸು, ಕ್ಲಾಸ್ 6 ಅಂದ್ರೆ ಆಲ್ಗೆ. ಟ್ರೇನಿಂಗ್ ಕೊಟ್ಟಿದ್ದು ನಾನು. ಇಂಗ್ಲಿಷ್ ಪಿಡಿಎಫ್ ಯಾರೂ ಪೂರ್ತಿ ಓದಲ್ಲ ಅಂತ ಗೊತ್ತಿತ್ತು, ಅದಕ್ಕೆ ಕನ್ನಡದಲ್ಲಿ ವಾಯ್ಸ್ ನೋಟ್ ಮಾಡಿ ಗ್ರೂಪಿಗೆ ಹಾಕಿದ್ದೆ. ಅದರಲ್ಲಿ ದಿಬ್ಬದ ಕೆಂಪು ಸ್ಫ್ಯಾಗ್ನಮ್ಮಿಗೂ ಪಾಚಿ ಅಂದಿದ್ದೆ, ಆಲ್ಗೆಗೂ ಪಾಚಿ ಅಂದಿದ್ದೆ, “ನೆಲದ ಮ್ಯಾಲಿನ ಪಾಚಿ 4, ನೀರಿನ ಪಾಚಿ 6” ಅಂತ. ಬಿಎಸ್ಸಿ ಬಾಟನಿ ಓದಿದವಳು ನಾನು. ಒಂದಕ್ಕೆ ಕಾಂಡ ಎಲೆ ಇದೆ, ಇನ್ನೊಂದು ಬರೀ ಎಳೆ ಲೋಳೆ, ಎರಡೂ ಬೇರೆ ಬೇರೆ ಗುಂಪು ಅಂತ ಪರೀಕ್ಷೇಲಿ ಪುಟಗಟ್ಟಲೆ ಬರೆದಿದ್ದೆ. ಆದ್ರೆ ಬಾಯಲ್ಲಿ ಬಂದಿದ್ದು ಮನೇಲಿ ಆಡೋ ಮಾತು, ಕಣ್ಣ ಮುಂದೆ ಇದ್ದಿದ್ದು ನಮ್ಮೂರ ಗದ್ದೆ ಬದಿ ನಿಂತ ಹಸಿರು ನೀರು. ನೀರಲ್ಲೂ ಬದುಕೋ ಸ್ಫ್ಯಾಗ್ನಮ್ ಇದೆ ಅನ್ನೋ ಸಾಲು ಪಿಡಿಎಫ್‌ನ 11ನೇ ಪುಟದಲ್ಲಿತ್ತು, ಓದಿ ದಾಟಿಸಿದ್ದೆ.

ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು. ಐಎಎ, ಅಂದ್ರೆ ಒಬ್ಬರ ಗುರುತು ಇನ್ನೊಬ್ಬರದಕ್ಕೆ ಎಷ್ಟು ಹೊಂದುತ್ತೆ ಅನ್ನೋ ಸ್ಕೋರು, 90ರ ಮೇಲೆ. ಎಲ್ಲರ ಕೆಲಸ ಹೋಲಿಸಿ ನೋಡೋ ಸರಿ ಉತ್ತರಗಳ ಗೋಲ್ಡ್ ಸೆಟ್ ಮಾಡಿದ್ದೂ ನಾನೇ, ಹಂಗಾಗಿ ನನ್ನ ತಪ್ಪಿಗೆ ಯಾರು ಹೊಂದ್ಕೊಂಡ್ರೋ ಅವರಿಗೆಲ್ಲ ಒಳ್ಳೆ ಸ್ಕೋರು. ಮೊದಲನೇ ದಿನ ಆ ಹುಡುಗಿ ಅನುಮಾನ ಬಂದು ಒಂದಿಷ್ಟು ಟೈಲಲ್ಲಿ ಕ್ಲಾಸ್ 4 ಹಾಕಿದ್ಲು, ಟೂಲ್ ಅವಳನ್ನ ಲೋ ಅಕ್ಯುರಸಿ ಅಂತ ಕೆಂಪು ಮಾಡಿತ್ತು. ಸರಿ ಇದ್ದವಳು ಅವಳೊಬ್ಬಳೇ.

ಡೆಲಿವರಿ ಆಗಿ ನಾಲ್ಕನೇ ದಿನ ಕಾಲ್. ನಮಗೆ ಆರೂವರೆ, ಅವರಿಗೆ ಮಧ್ಯಾಹ್ನ ಎರಡು. ಕ್ಲೈಂಟ್ ಕಡೆ ಎಕಾಲಜಿಸ್ಟ್ ಮೇಡಂ ಸ್ಕ್ರೀನ್ ಶೇರ್ ಮಾಡಿ ಒಂದು ಹೊಂಡಕ್ಕೆ ಝೂಮ್ ಮಾಡಿದ್ರು, ಸುಮ್ಮನಾದ್ರು. ಇನ್ನೊಂದಕ್ಕೆ ಹೋದ್ರು, ಮತ್ತೆ ಸುಮ್ಮನೆ. ಮೂರನೇದಕ್ಕೆ ಹೋಗೋ ಹೊತ್ತಿಗೆ ನನ್ನ ಅಂಗೈ ಬೆವೆತಿತ್ತು. “ಇಲ್ಲಿ ಆಲ್ಗೆ ಅಂತ ಯಾಕೆ ಹಾಕಿದ್ದೀರಿ?” ಅಂತ ಕೇಳಿದ್ರು. ಅಷ್ಟರಲ್ಲಿ ನಮ್ಮ ಮ್ಯಾನೇಜರ್ ಸೈಡ್ ಚಾಟಲ್ಲಿ ಟೈಪ್ ಮಾಡ್ತಾರೆ, ಸೀಸನಲ್ ವೇರಿಯೇಶನ್ ಅಂತ ಹೇಳಿ ಮುಗಿಸಿ ಅಂತ. ನಾನು ಅದನ್ನೇ ಹೇಳ್ದೆ. ಬೇಸಿಗೆ ಫೋಟೋ, ಆ ಟೈಮಲ್ಲಿ ಆಲ್ಗೆ ಏಳುತ್ತೆ ಅಂತ. ಗೊತ್ತಿಲ್ಲದ್ದನ್ನ ಗೊತ್ತಿದೆ ಅನ್ನೋ ದನೀಲಿ ಹೇಳ್ದೆ, ಅದಕ್ಕೆ ಇವತ್ತಿಗೂ ನಾಚಿಕೆ ಆಗುತ್ತೆ.

ಆಯಮ್ಮ ಬೈಲಿಲ್ಲ. ಒಂದೇ ಒಂದು ಮಾತು ಕೇಳಿದ್ರು, “ಅಷ್ಟು ಆಲ್ಗೆಗೆ ಗೊಬ್ಬರ ಎಲ್ಲಿಂದ ಬಂತು?”

ಉತ್ತರ ಇರಲಿಲ್ಲ. ಅಲ್ಲಾ, ಉತ್ತರ ಗೊತ್ತಿತ್ತು, ಅದಕ್ಕೇ ಬಾಯಿ ಕಟ್ತು. ನಮ್ಮ ಗದ್ದೆ ಬದಿ ನೀರು ಹಸಿರಾಗೋದು ಯೂರಿಯಾ ಡಿಎಪಿ ಹರಿದು ಬರೋದಕ್ಕೆ. ಆ ಬಾಗ್‌ಗೆ ಬರೋದು ಮಳೆ ನೀರು ಮಾತ್ರ, ಸ್ಫ್ಯಾಗ್ನಮ್ ಬೇರೆ ಇದ್ದಬದ್ದ ಖನಿಜ ಹೀರಿ ನೀರಿಗೆ ಹುಳಿ ಬಿಡುತ್ತೆ, ಪಿಎಚ್ ನಾಲ್ಕರ ಸುತ್ತಮುತ್ತ. ನೈಟ್ರೋಜನ್ ಸಿಗದೇನೇ ಅಲ್ಲಿ ಗಿಡಗಳು ಹುಳ ತಿನ್ನೋದು. ಅಂಥ ನೀರಲ್ಲಿ ಡೆಸ್ಮಿಡ್ ಥರ ಕಣ್ಣಿಗೆ ಕಾಣದ ಆಲ್ಗೆಗಳು ಇರ್ತವೆ, ಆದ್ರೆ ಗದ್ದೆ ನೀರಿನ ಥರ ದಪ್ಪಗೆ ಹಸಿರು ಕಟ್ಟಬೇಕು ಅಂದ್ರೆ ಎಲ್ಲಿಂದಲೋ ಗೊಬ್ಬರ ಬರಲೇಬೇಕು. ರೈತನ ಮಗಳು ನಾನು, ಇದು ಮೊದಲು ಹೊಳೀಬೇಕಾಗಿದ್ದೇ ನನಗೆ.

ಆಮೇಲೆ ಒಂದು ಫೋಟೋ ತೋರಿಸಿದ್ರು. ಹೊಂಡದಿಂದ ಒಂದು ಹಿಡಿ ಹಸಿರು ಎತ್ತಿ ಹಿಡಿದಿದ್ದಾರೆ, ತೊಯ್ದ ಬೆಕ್ಕಿನಮರಿ ಥರ ಜೋತುಬಿದ್ದು ನೀರು ಸುರೀತಿದೆ. ಲೋಳೆ ಅಲ್ಲ, ಒಂದೊಂದೂ ಕಾಂಡ, ಅದಕ್ಕೆ ಗರಿ ಥರ ಎಲೆ. ಅದು ಕಸ್ಪಿಡೇಟಮ್. ನಾನು ಆರು ಸಾವಿರ ಪಾಲಿಗಾನಲ್ಲಿ ಆಲ್ಗೆ ಅಂತ ಬರೆಸಿದ್ದು.

ಆಲ್ಗೆ ಅಂತ ಬಿದ್ರೆ ಏನಾಗ್ತಿತ್ತು ಅಂತ ಆಮೇಲೆ ತಿಳೀತು. ಆ ಸೈಟಲ್ಲಿ 1980ರ ದಶಕದಲ್ಲಿ ಪೀಟ್ ಮೇಲೆ ಕಾಲುವೆ ತೋಡಿ ಮರ ನೆಟ್ಟಿದ್ರಂತೆ. ಆಗ ಮರ ನೆಟ್ಟವರಿಗೆ ಟ್ಯಾಕ್ಸ್ ರಿಯಾಯಿತಿ ಇತ್ತು, 1988ರಲ್ಲಿ ನಿಲ್ಲಿಸಿದ್ರು. ಈಗ ಮರ ಕಡಿದು, ಕಾಲುವೆಗೆ ಅಡ್ಡ ಕಟ್ಟಿ, ನೀರು ಮತ್ತೆ ನಿಲ್ಲಿಸಿದ್ದಾರೆ. ಕಡಿದ ಮರದ ಸೊಪ್ಪು ಸದೆ ಕೊಳೆತು ರಂಜಕ ನೀರಿಗೆ ಬಿಡುಗಡೆ ಆಗೋ ಭಯ ಅಂಥ ಕಡೆ ಇರುತ್ತೆ, ಹಂಗಾಗಿ ಆಲ್ಗೆ ಅಂತ ಮ್ಯಾಪಲ್ಲಿ ಬಂದ್ರೆ ನೀರು ಕೆಟ್ಟಿದೆ ಅಂತ ಅರ್ಥ. ಕಸ್ಪಿಡೇಟಮ್ ಬಂದ್ರೆ ಬಾಗ್ ಮತ್ತೆ ಜೀವ ಹಿಡೀತಿದೆ ಅಂತ, ಅಡ್ಡಕಟ್ಟಿನ ಹಿಂದಿನ ನೀರಿಗೆ ಮೊದಮೊದಲು ಬರೋ ಗಿಡಗಳಲ್ಲಿ ಅದೂ ಒಂದು. ಇಷ್ಟು ವರ್ಷದ ಅವರ ದುಡಿಮೆ ಫಲ ಕೊಟ್ಟ ಜಾಗಕ್ಕೇ ನಾವು ರೋಗ ಅಂತ ಬಣ್ಣ ಹಚ್ಚಿದ್ವಿ.

ರೀವರ್ಕಿನ ಮೊದಲನೇ ದಿನ ವಾಯ್ಸ್ ನೋಟ್ ಡಿಲೀಟ್ ಮಾಡಿ ಎಲ್ಲರ ಮುಂದೆ ತಪ್ಪು ನನ್ನದು ಅಂತ ಹೇಳ್ದೆ. ಪಾಚಿ ಅನ್ನೋ ಪದ ಈ ಪ್ರಾಜೆಕ್ಟಲ್ಲಿ ಯಾರೂ ಬಳಸಬಾರದು ಅಂತ ಮಾಡಿದ್ವಿ. ಅದೇ ಹುಡುಗಿ ಹೆಸರು ಕೊಟ್ಲು, ಲೋಳೆ ಇರೋದು “ಹಾವಸಿ”, ಕಾಂಡ ಎಲೆ ಇರೋದು “ಗರಿಪಾಚಿ”. ಹೊಂಡದ ಅಂಚು ಹಿಡ್ಕೊಂಡು ಬಂದಿದ್ಯಾ, ಅದರಾಚೆ ಬೀಕ್‌ಸೆಜ್ ಸಾಲಿದ್ಯಾ ಅಂತ ಅಕ್ಕಪಕ್ಕ ನೋಡಿ ಆಮೇಲೆ ಕ್ಲಾಸ್ ಹಾಕೋದು. ಗೋಲ್ಡ್ ಸೆಟ್ಟನ್ನ ಕ್ಲೈಂಟ್ ಕಡೆಯವರೇ ಮಾಡಿಕೊಡಬೇಕು ಅಂತ ಬರೆದು ಕೇಳಿದೆ, ಒಪ್ಪಿದ್ರು. ಮ್ಯಾನೇಜ್‌ಮೆಂಟ್ ಮಾತ್ರ ಎರಡು ವಾರದ ಓವರ್‌ಟೈಮ್ ಕೊಡಲಿಲ್ಲ, ತಪ್ಪು ಟೀಮಿಂದು ಅಂದ್ರು. ಟೀಮಿಂದಲ್ಲ, ನಂದು, ಕಟ್ ಮಾಡೋದಾದ್ರೆ ನಂದು ಮಾಡ್ರಿ ಅಂದ್ರೂ ಕೇಳಲಿಲ್ಲ.

ಆ ಕೆಂಪು ಗುರುತು ಅವಳ ಪ್ರೊಫೈಲಲ್ಲಿ ಇನ್ನೂ ಹಂಗೇ ಇದೆ. ಹಳೇ ಬ್ಯಾಚಿನ ಸ್ಕೋರ್ ತಿದ್ದೋಕೆ ಟೂಲಲ್ಲಿ ಆಪ್ಶನ್ ಇಲ್ಲವಂತೆ. ಮುಂದಿನ ತಿಂಗಳು ಅವಳ ಅಪ್ರೈಸಲ್. ಸರಿಯಾಗಿ ಹಾಕಿದ್ದ ಆ ಟೈಲ್‌ಗಳ ಸ್ಕ್ರೀನ್‌ಶಾಟ್ ಹಚ್ಚಿ, ಕ್ಲೈಂಟ್ ಮೇಲ್ ಹಚ್ಚಿ, ಇವತ್ತು ಎಚ್‌ಆರ್‌ಗೆ ಮೂರನೇ ಸಲ ಕಳಿಸಿದ್ದೀನಿ.